ಮಹಾನಸದೃಷ್ಟಾಂತವೂ ಬಾಲಕರ ಪದಾರ್ಥವಿಜ್ಞಾನವೂ

ಉಪೋದ್ಘಾತ

ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವ ಅನುಮಾನವು ಪರ್ವತದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರುವುದೆಂದು ನಿಶ್ಚಯಿಸುವುದೇ ಆಗಿರುವುದೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಆ ಅನುಮಾನಕ್ಕೆ ಹೇಳುವ ದೃಷ್ಟಾಂತವಾದರೋ ಮಹಾನಸವು, ಎಂದರೆ ಅಡಿಗೆಯ ಮನೆ. ನಾವೆಲ್ಲರೂ ಬಾಲ್ಯದಲ್ಲಿ ಈ ದೃಷ್ಟಾಂತವನ್ನು ಸಹಸ್ರಾವರ್ತಿ ಉರುಹೊಡೆದವರೇ. ಆದರೆ ಶಾಸ್ತ್ರಕಾರರು ಯಜ್ಞಶಾಲೆಯನ್ನಾಗಲಿ ರಾಜಗೃಹವನ್ನಾಗಲಿ ಮೊದಲು ಹೇಳದೆ ಅಡಿಗೆಯ ಮನೆಯನ್ನೇ ಏಕೆ ಆರಿಸಿಕೊಂಡರೆಂಬುದನ್ನು ಯೋಚಿಸಿದವರು ವಿರಳ. ಪರ್ವತವು ದೂರವಾದುದು, ಅಲ್ಲಿಯ ಬೆಂಕಿ ಕಣ್ಣಿಗೆ ಕಾಣದು. ಅಡಿಗೆಯ ಮನೆಯಾದರೋ ಹತ್ತಿರದ್ದು. ಅಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ದಿನವೂ ನೋಡಬಹುದು. ಕಾಣದುದನ್ನು ತಿಳಿಯಬೇಕಾದರೆ ಕಾಣುವುದರಲ್ಲಿ ವ್ಯಾಪ್ತಿಯನ್ನು ಹಿಡಿಯಬೇಕು. ಹಾಗೆ ಹಿಡಿಯಲು ಯೋಗ್ಯವಾದ ಸ್ಥಳವು ಮನೆಯೇ ಎಂಬುದು ಅವರ ಆಶಯವಾಗಿರಬೇಕೆಂದು ತೋರುವುದು.

ಮನೆಯಲ್ಲಿಯೇ ದೊರೆಯುವ ವಸ್ತುಗಳಿಂದ ಬಾಲಕರಿಗೆ ಪದಾರ್ಥವಿಜ್ಞಾನದ ಮೂಲತತ್ತ್ವಗಳನ್ನು ಹೇಗೆ ತಿಳಿಸಬಹುದು, ಅದಕ್ಕೆ ನಮ್ಮ ಶಾಸ್ತ್ರಗಳ ವಿಚಾರಕ್ರಮವು ಎಷ್ಟು ಮಟ್ಟಿಗೆ ಸಹಾಯಕವಾಗುವುದು, ಭಾಷೆಯನ್ನು ಕಲಿಸುವ ಪಂಡಿತರಿಗೆ ಇದರಲ್ಲಿ ಏನು ಹೊಣೆಯಿರುವುದು ಎಂಬ ಮೂರು ವಿಷಯಗಳನ್ನು ಇಲ್ಲಿ ನಿರೂಪಿಸಲು ಯತ್ನಿಸುವೆನು.

೧. ಸ್ಥಳವಿಚಾರ

ಈ ಲೇಖನದಲ್ಲಿ ಹೇಳುವ ಪರೀಕ್ಷೆಗಳೆಲ್ಲವೂ ಹಿರೇಹಡಗಲಿಯ ಒಂದು ಮನೆಯ ಪಡಸಾಲೆಯಲ್ಲಿ ನಡೆದವು. ಹೂವಿನಹಡಗಲಿ ತಾಲ್ಲೂಕಿನ ಈ ಊರು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಶಾಸನಪಂಡಿತರಿಗೆ ಊರಿನ ಹೆಸರು ಎರಡು ಕಾರಣಗಳಿಂದ ಪರಿಚಿತವಾಗಿರುವುದು: ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಇದರ ಹೆಸರಿನಿಂದಲೇ ಪ್ರಸಿದ್ಧವಾಗಿದೆ, ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ೧೦೫೭ರ ಶಾಸನವುಳ್ಳ, ದೇಮರಸನು ಕಟ್ಟಿಸಿದ ಕಲ್ಲೇಶ್ವರ ದೇವಾಲಯವು ಇಲ್ಲಿಯದು.

ತಾಮ್ರಶಾಸನವು ಸುಮಾರು ೪ನೆಯ ಶತಮಾನದ್ದು. ದತ್ತಭೂಮಿಗೆ ಕೊಟ್ಟ ವಿನಾಯಿತಿಗಳನ್ನು ಅದರಲ್ಲಿ ಎಣಿಸುವಾಗ ಹಾಲು, ಮೊಸರು, ಉಪ್ಪು, ಬೆಲ್ಲ, ಹುಲ್ಲು, ಕಟ್ಟಿಗೆ, ಕಾಯಿಪಲ್ಲೆ, ಹೂವು ಇವುಗಳ ಹೆಸರುಗಳು ಬರುವುವು. ಅಧಿಕಾರಿಗಳು ಪ್ರಜೆಗಳ ಮನೆಯಿಂದ ಇವನ್ನು ತೆಗೆದುಕೊಳ್ಳಕೂಡದೆಂಬುದು ಅರಸನ ಅಪ್ಪಣೆ. ಬಡವನ ಮನೆಯಲ್ಲಿಯೂ ಇದ್ದೇ ಇರುವ ಪದಾರ್ಥಗಳು ಯಾವುವೆಂಬುದಕ್ಕೆ ಇದೊಂದು ಪುರಾತನವಾದ ಪಟ್ಟಿಯೆನ್ನಬಹುದು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಅಡಿಗೆಯ ಮನೆಯಲ್ಲಿರುವುವು. ಅವುಗಳ ಜತೆಗೆ ಒಂದು ಹರವಿ, ಒಂದು ಅಡಕತ್ತರಿ, ಎರಡು ಗಾಜಿನ ಲೋಟ, ಒಂದು ಮೇಣದ ಬತ್ತಿ ಇವು ಸೇರಿದರೆ ಪದಾರ್ಥವಿಜ್ಞಾನದ ಮೊದಲ ಪಾಠಗಳಿಗೆ ಬೇರೆ ಪ್ರಯೋಗಶಾಲೆಯು ಬೇಕಾಗಿಲ್ಲ.

೨. ಪೂರ್ವಪ್ರಯತ್ನಗಳು

ಈ ಮಾರ್ಗವು ನಮ್ಮಿಂದ ಹೊಸದಾಗಿ ಹುಟ್ಟಿದುದಲ್ಲ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಒಂದು ಮೇಣದ ಬತ್ತಿಯನ್ನೇ ಹಿಡಿದುಕೊಂಡು ಬಾಲಕರಿಗೆ ಮಾಡಿದ ಉಪನ್ಯಾಸಗಳು ೧೮೬೧ರಲ್ಲಿ ಗ್ರಂಥರೂಪವಾಗಿ ಬಂದುವು. ಎರಡನೆಯ ಮಹಾಯುದ್ಧದಲ್ಲಿ ಪಾಠಶಾಲೆಗಳು ನಾಶವಾದ ದೇಶಗಳ ಉಪಾಧ್ಯಾಯರಿಗಾಗಿ ಸಿದ್ಧವಾದ ಸಣ್ಣ ಪುಸ್ತಕವೊಂದು ಬೆಳೆದು ೧೯೫೬ರಲ್ಲಿ ಯುನೆಸ್ಕೋ ಸಂಸ್ಥೆಯ ವಿಜ್ಞಾನಬೋಧನೆಯ ಆಕರಗ್ರಂಥವಾಯಿತು. ಡಬ್ಬಿ, ದಾರ, ಸೀಸೆಗಳಿಂದ ಉಪಕರಣಗಳನ್ನು ಮಾಡಿಕೊಳ್ಳುವ ಕ್ರಮವು ಅದರಲ್ಲಿ ಹೇಳಲ್ಪಟ್ಟಿದೆ. ನಮ್ಮ ದೇಶದಲ್ಲಿ ೧೯೭೨ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿಯ ಪಾಠಶಾಲೆಗಳಲ್ಲಿಯೇ ಇಂತಹ ಬೋಧನೆಯು ಆರಂಭವಾಯಿತು.

ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದಾರ್ಥವಿಜ್ಞಾನವನ್ನು ಬೋಧಿಸುತ್ತಿದ್ದವರು. ಪಂಪಭಾರತದ ಪರಿಷ್ಕರಣದಲ್ಲಿ ಶ್ರಮಿಸಿದವರೂ ಅವರೇ. ಕಾವ್ಯಪಾಠವನ್ನು ಶೋಧಿಸುವ ಕಣ್ಣೂ ಪ್ರಕೃತಿಯನ್ನು ಶೋಧಿಸುವ ಕಣ್ಣೂ ಒಬ್ಬರಲ್ಲಿಯೇ ಇರಬಹುದೆಂಬುದಕ್ಕೆ ಅವರು ಸಾಕ್ಷಿ. ಶಿವರಾಮ ಕಾರಂತರ 'ಬಾಲಪ್ರಪಂಚ'ವು ೧೯೩೬ರಲ್ಲಿ ಬಂದಿತು. ೧೯೭೮ರಿಂದ 'ಬಾಲವಿಜ್ಞಾನ' ಮಾಸಪತ್ರಿಕೆಯು ಹೊರಟಿತು. ಹೀಗೆ ಬರೆದವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಓದಿದುದನ್ನು ಒಲೆಯ ಮುಂದೆ ತಂದು ನೋಡುವ ಅಭ್ಯಾಸದಲ್ಲಿ.

೩. ಅನ್ವಯವ್ಯತಿರೇಕಗಳು: ಹರವಿಯ ನೀರು

ಒಂದು ಇದ್ದರೆ ಮತ್ತೊಂದು ಇರುವುದು ಅನ್ವಯ. ಒಂದು ಇಲ್ಲದಿದ್ದರೆ ಮತ್ತೊಂದೂ ಇಲ್ಲದಿರುವುದು ವ್ಯತಿರೇಕ. ಕಾರಣವನ್ನು ನಿರ್ಣಯಿಸಲು ಎರಡೂ ಬೇಕು. ಇದನ್ನು ಬಾಲಕರಿಗೆ ಕಲಿಸಲು ಬೇಸಗೆಯ ಹರವಿಗಿಂತ ಉತ್ತಮವಾದ ಗುರುವಿಲ್ಲ.

ಒಂದೇ ಕೊಡದ ನೀರನ್ನು ಬೆಳಿಗ್ಗೆ ಮಣ್ಣಿನ ಹರವಿಗೂ ಅಷ್ಟೇ ದೊಡ್ಡ ತಾಮ್ರದ ಪಾತ್ರೆಗೂ ತುಂಬಿ, ಎರಡನ್ನೂ ನೆರಳಿನಲ್ಲಿ ಗಾಳಿಯಾಡುವೆಡೆ ಪಕ್ಕಪಕ್ಕದಲ್ಲಿಡಬೇಕು. ಮಧ್ಯಾಹ್ನದಲ್ಲಿ ಕೈಯಿಟ್ಟು ನೋಡಿದರೆ ಹರವಿಯ ನೀರು ತಣ್ಣಗಿರುವುದು, ತಾಮ್ರದ್ದು ಹಾಗಿರದು. ಬಾಲಕರು ಕೂಡಲೆ "ಮಣ್ಣು ತಂಪು" ಎನ್ನುವರು. ಇದನ್ನು ಒಪ್ಪಿಬಿಡದೆ ಇನ್ನೊಂದು ಹರವಿಗೆ ಹೊರಮೈಗೆಲ್ಲ ಎಣ್ಣೆಯನ್ನು ದಪ್ಪವಾಗಿ ಸವರಿ ನೀರು ತುಂಬಿಸಿಡಬೇಕು. ಮಣ್ಣು ಅದೇ, ನೀರು ಅದೇ, ನೆರಳು ಅದೇ. ಆದರೂ ತಂಪು ಕಡಮೆಯಾಗುವುದು. ಮಣ್ಣೇ ಕಾರಣವಾಗಿದ್ದರೆ ಹೀಗಾಗಬಾರದಾಗಿತ್ತು. ಇನ್ನು ತಾಮ್ರದ ಪಾತ್ರೆಗೆ ಒದ್ದೆ ಬಟ್ಟೆಯನ್ನು ಸುತ್ತಿ ಆಗಾಗ ತೇವಗೊಳಿಸುತ್ತಿದ್ದರೆ, ಮಣ್ಣಿಲ್ಲದಿದ್ದರೂ ಅದರ ನೀರು ತಣ್ಣಗಾಗುವುದು. ಇದರಿಂದ ಹೊರಮೈಯ ನೀರು ಆರಿಹೋಗುವುದೇ ತಂಪಿಗೆ ಕಾರಣವೆಂಬುದು ಬಾಲಕರ ಬಾಯಿಂದಲೇ ಹೊರಡುವುದು. ಹರವಿಯ ಸೂಕ್ಷ್ಮರಂಧ್ರಗಳು ನೀರನ್ನು ಹೊರಕ್ಕೆ ತರುವ ದಾರಿಗಳು ಮಾತ್ರ.

ಪರಿಮಾಣವನ್ನೂ ಇಲ್ಲಿಯೇ ತಿಳಿಸಬಹುದು. ಸಾಧಾರಣವಾದ ಬೇಸಗೆಯ ಉಷ್ಣದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲರಿ ಕಾವು ಬೇಕು. ಒಂದು ಕ್ಯಾಲರಿಯೆಂದರೆ ಒಂದು ಗ್ರಾಂ ನೀರಿನ ಉಷ್ಣವನ್ನು ಒಂದು ಡಿಗ್ರಿಯಷ್ಟು ಏರಿಸುವ ಕಾವು. ಆದುದರಿಂದ ಆರಿಹೋದ ಒಂದು ಗ್ರಾಂ ನೀರು, ತನಗೆ ಬೇಕಾದುದನ್ನೆಲ್ಲ ಹರವಿಯಿಂದಲೇ ತೆಗೆದುಕೊಂಡರೆ, ಉಳಿದ ೫೮ ಗ್ರಾಂ ನೀರನ್ನು ೧೦ ಡಿಗ್ರಿಗಳಷ್ಟು ತಣಿಸಬಲ್ಲದು. ಹೊರಗಿನ ಗಾಳಿಯೂ ಕಾವನ್ನು ಕೊಡುತ್ತಿರುವುದರಿಂದ ಅಷ್ಟು ಪೂರ್ತಿಯಾಗಿ ನಡೆಯದು. ಮಳೆಗಾಲದಲ್ಲಿ ಗಾಳಿಯಲ್ಲಿಯೇ ನೀರಿನ ಆವಿ ತುಂಬಿರುವುದರಿಂದ ಹರವಿಯ ನೀರು ಬೇಸಗೆಯಂತೆ ತಣಿಯದೆಂಬುದನ್ನು ಬಾಲಕರು ತಾವೇ ನೆನಪಿಗೆ ತಂದುಕೊಳ್ಳುವರು.

ಇದೇ ಆವಿಯು ಹಂಚಿನ ಮೇಲೆ ಜೋಳದ ರೊಟ್ಟಿಯನ್ನು ಉಬ್ಬಿಸುವುದು. ಕುದಿಯುವ ಉಷ್ಣದಲ್ಲಿ ನೀರು ಉಗಿಯಾದರೆ ತನ್ನ ಮೊದಲಿನ ಸ್ಥಳಕ್ಕಿಂತ ಸುಮಾರು ೧೬೦೦ರಷ್ಟು ಹೆಚ್ಚು ಸ್ಥಳವನ್ನು ಬೇಡುವುದು. ರೊಟ್ಟಿಯಲ್ಲಿ ಎಲ್ಲಿಯಾದರೂ ಬಿರುಕಿದ್ದರೆ ಉಗಿಯು ಅಲ್ಲಿಂದ ಹೊರಟುಹೋಗಿ ರೊಟ್ಟಿಯು ಉಬ್ಬದು. ರೊಟ್ಟಿ ಬಡಿಯುವ ತಾಯಂದಿರಿಗೆ ಈ ವ್ಯತಿರೇಕವು ಯಾವ ಗ್ರಂಥದಿಂದಲೂ ಬಂದುದಲ್ಲ.

೪. ದುಷ್ಟಹೇತು: ದೀಪವೂ ಲೋಟವೂ

ಇನ್ನು ಈ ಲೇಖಕನು ತಾನೇ ಎಡವಿದ ಒಂದು ಪ್ರಸಂಗವನ್ನು ಹೇಳಬೇಕಾಗಿದೆ. ಒಂದು ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದ ಬತ್ತಿಯನ್ನು ಹಚ್ಚಿಟ್ಟು, ಅದರ ಮೇಲೆ ಗಾಜಿನ ಲೋಟವನ್ನು ಕವುಚಿದರೆ, ದೀಪವು ಸ್ವಲ್ಪ ಹೊತ್ತಿನಲ್ಲಿ ಆರಿಹೋಗಿ, ನೀರು ಲೋಟದೊಳಕ್ಕೆ ಏರುವುದು. ಗಾಳಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಆಮ್ಲಜನಕವಿರುವುದು, ದೀಪವು ಅದನ್ನು ತಿಂದುಬಿಟ್ಟಿತು, ತೆರವಾದ ಸ್ಥಳಕ್ಕೆ ನೀರು ಬಂದಿತು ಎಂದು ನಾನು ಪುಸ್ತಕದಲ್ಲಿ ಕಂಡಂತೆ ವರ್ಷಗಳವರೆಗೆ ಬಾಲಕರಿಗೆ ಹೇಳುತ್ತಿದ್ದೆನು. ಒಂದು ಸಂಜೆ ತಮ್ಮನ ಮಗಳು, ಹತ್ತು ವರ್ಷದ ಹುಡುಗಿ, ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದವಳು, "ದೊಡ್ಡಪ್ಪಾ, ದೀಪ ಉರಿಯೋವಾಗ ನೀರು ಏರಲಿಲ್ಲಲ್ಲ, ಆರಿದ ಮ್ಯಾಲ ಏರಿತು, ಯಾಕ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಪ್ರಶ್ನೆಯು ಶುದ್ಧವಾದ ವ್ಯಭಿಚಾರಶಂಕೆ. ಆಮ್ಲಜನಕದ ವ್ಯಯವೇ ಹೇತುವಾಗಿದ್ದರೆ ದೀಪವು ಉರಿಯುವಷ್ಟು ಹೊತ್ತೂ ನೀರು ಸಮನಾಗಿ ಏರಬೇಕು, ಏರುವುದಿಲ್ಲ. ಹೇತುವಿದ್ದು ಸಾಧ್ಯವಿಲ್ಲ. ಮರುದಿನ ಒಂದರ ಬದಲು ಮೂರು ಬತ್ತಿಗಳನ್ನು ಹಚ್ಚಿಟ್ಟು ಅದೇ ಲೋಟವನ್ನು ಕವುಚಿದೆವು. ನೀರು ಮೊದಲಿಗಿಂತ ಹೆಚ್ಚು ಏರಿತು. ಲೋಟದ ಆಮ್ಲಜನಕವು ಮೂರು ಬತ್ತಿಗಳಿಗೆಂದು ಹೆಚ್ಚಾಗದಷ್ಟೆ. ಬಳಿಕ ಬತ್ತಿಯನ್ನೇ ಬಿಟ್ಟು, ದಪ್ಪ ಗಾಜಿನ ಲೋಟವನ್ನು ಬಿಸಿನೀರಿನಿಂದ ತೊಳೆದು, ಒಳಗೆ ಹಬೆ ತುಂಬಿರುವಾಗಲೇ ನೀರಿನ ತಟ್ಟೆಯಲ್ಲಿ ಕವುಚಿದೆವು. ಲೋಟವು ತಣ್ಣಗಾಗುತ್ತ ಬಂದಂತೆ ನೀರು ಮೇಲೇರಿತು. ಬೆಂಕಿಯೇ ಇಲ್ಲದೆಡೆಯಲ್ಲಿಯೂ ಸಾಧ್ಯವಿದೆ. ಎರಡು ಕಡೆಯಿಂದಲೂ ನನ್ನ ಹೇತುವು ಮುರಿದುಬಿದ್ದಿತು.

ನಿಜವಾದ ಕಾರಣವಿದು: ಜ್ವಾಲೆಯ ಕಾವಿನಿಂದ ಲೋಟದೊಳಗಣ ಗಾಳಿಯು ಹಿಗ್ಗಿ, ಕವುಚುವಾಗಲೂ ಅನಂತರವೂ ಒಂದು ಭಾಗವು ಹೊರಟುಹೋಗುವುದು, ಅಂಚಿನಲ್ಲಿ ಗುಳ್ಳೆಗಳೇಳುವುದನ್ನು ಗಮನಿಸಿದರೆ ಕಾಣಬಹುದು. ದೀಪವು ಆರಿದೊಡನೆ ಉಳಿದ ಗಾಳಿಯು ತಣ್ಣಗಾಗಿ ಕುಗ್ಗುವುದು, ಉಗಿಯು ಹನಿಗಟ್ಟುವುದು. ಒಳಗಿನ ಒತ್ತಡವು ಇಳಿಯುವುದು. ಹೊರಗಿನ ವಾಯುವಿನ ಒತ್ತಡವು ತಟ್ಟೆಯ ನೀರನ್ನು ಒಳಕ್ಕೆ ತಳ್ಳುವುದು. ಆಮ್ಲಜನಕದಲ್ಲಿ ಒಂದು ಭಾಗವು ವ್ಯಯವಾಗುವುದು ದಿಟವೇ; ಆದರೆ ಅದಕ್ಕೆ ಪ್ರತಿಯಾಗಿ ಇಂಗಾಲದ ಡೈ ಆಕ್ಸೈಡ್ ಹುಟ್ಟುವುದು, ಅಲ್ಲದೆ ಆಮ್ಲಜನಕವೆಲ್ಲವೂ ಮುಗಿಯುವ ಮೊದಲೇ ದೀಪವು ಆರುವುದು. ವಾಯುವಿನ ಒತ್ತಡವು ಅಲ್ಪವಾದುದೆಂದು ಬಗೆಯಬಾರದು: ಒಂದು ಚದರ ಸೆಂಟಿಮೀಟರಿನ ಮೇಲೆ ಅದು ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು. ಏಳು ಸೆಂಟಿಮೀಟರ್ ಅಗಲದ ಲೋಟದ ಬಾಯಿಯಷ್ಟು ಜಾಗದ ಮೇಲೆ ಇದು ೩೮ ಕಿಲೋಗ್ರಾಮಿಗೂ ಮೀರುವುದು.

ಹೊಗೆಯ ಪ್ರಕರಣದಲ್ಲಿ ನಮ್ಮ ಶಾಸ್ತ್ರವು ಇದನ್ನೇ ಕಲಿಸಿದೆ. ಹೊಗೆಯಿದ್ದೆಡೆ ಬೆಂಕಿಯುಂಟು, ಬೆಂಕಿಯಿದ್ದೆಡೆಯೆಲ್ಲ ಹೊಗೆಯುಂಟೆನ್ನಲಾಗದು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ. ಹಸಿಕಟ್ಟಿಗೆಯ ಸಂಬಂಧವೆಂಬ ಉಪಾಧಿಯು ಅಲ್ಲಿ ಅಡಗಿದೆ. ದೀಪದ ಪ್ರಕರಣದಲ್ಲಿ ಕಾದ ಗಾಳಿಯು ತಣ್ಣಗಾಗುವುದೇ ಆ ಉಪಾಧಿ. ನಾನು ಉಪಾಧಿಲಕ್ಷಣವನ್ನು ಮೂವತ್ತು ವರ್ಷ ಪಾಠ ಹೇಳಿದವನು. ತಟ್ಟೆಯ ನೀರಿನಲ್ಲಿ ಅದನ್ನು ಕಂಡವಳು ಲಕ್ಷಣವನ್ನು ಕೇಳದಿದ್ದ ಮಗು.

೫. ವ್ಯಭಿಚಾರದಂತೆ ತೋರುವುದು: ಲೋಟದ ನಾದ

ಎರಡು ಲೋಟಗಳಲ್ಲಿ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಮೆ ನೀರು ಹಾಕಿ ಚಮಚದಿಂದ ತಟ್ಟಿದರೆ, ಹೆಚ್ಚು ನೀರಿನದು ತಗ್ಗಿದ ಸ್ವರವನ್ನು ಕೊಡುವುದು. ಅದೇ ರೀತಿ ಎರಡು ಸೀಸೆಗಳಿಗೆ ನೀರು ಹಾಕಿ ಬಾಯಂಚಿಗೆ ತುಟಿಯಿಟ್ಟು ಊದಿದರೆ, ಹೆಚ್ಚು ನೀರಿನದು ಏರಿದ ಸ್ವರವನ್ನು ಕೊಡುವುದು. ನೀರು ಹೆಚ್ಚಿದರೆ ಸ್ವರವು ಇಳಿಯುವುದೋ ಏರುವುದೋ ಎಂದು ಬಾಲಕರು ಎರಡು ಪಕ್ಷಗಳಾಗಿ ವಾದಿಸುವರು. ಉಪಾಧ್ಯಾಯನು ಆಗ ಒಂದೇ ಮಾತನ್ನು ಕೇಳಿದರೆ ಸಾಕು: "ಇಲ್ಲಿ ನಡುಗುವುದು ಯಾವುದು?" ತಟ್ಟಿದಾಗ ನಡುಗುವುದು ಲೋಟದ ಗೋಡೆ, ನೀರು ಅದಕ್ಕೆ ಭಾರವಾಗಿ ನಡುಗುವಿಕೆಯನ್ನು ನಿಧಾನಗೊಳಿಸುವುದು. ಊದಿದಾಗ ನಡುಗುವುದು ನೀರಿನ ಮೇಲಣ ಗಾಳಿ. ನೀರು ಹೆಚ್ಚಿದಷ್ಟೂ ಗಾಳಿಯ ಕಂಬವು ಗಿಡ್ಡದಾಗಿ ನಡುಗುವಿಕೆಯು ವೇಗವಾಗುವುದು. ಆಶ್ರಯಭೇದವನ್ನು ಅರಿತರೆ ವಿರೋಧವು ಪರಿಹಾರವಾಗುವುದು.

೬. ಪರಿಮಾಣ: ಅಡಕತ್ತರಿ

ಅಡಕೆಯನ್ನು ಅಡಕತ್ತರಿಯ ತುದಿಯಲ್ಲಿಟ್ಟರೆ ಕತ್ತರಿಸುವುದು ಕಷ್ಟ. ಕೀಲಿನ ಹತ್ತಿರಕ್ಕೆ ಸರಿಸಿದರೆ ಸುಲಭ. ಅಡಕೆಯು ಕೀಲಿನಿಂದ ಒಂದೂವರೆ ಅಂಗುಲ, ಕೈಯು ಆರು ಅಂಗುಲ ದೂರದಲ್ಲಿದ್ದರೆ ಕೈಯ ಬಲವು ಅಡಕೆಯ ಮೇಲೆ ನಾಲ್ಮಡಿಯಾಗುವುದು. ಆದರೆ ಕತ್ತಿಯು ಅಡಕೆಯಲ್ಲಿ ಒಂದು ಕೂದಲೆಳೆಯಷ್ಟು ಇಳಿಯುವಾಗ ಕೈಯು ನಾಲ್ಕರಷ್ಟು ಚಲಿಸಬೇಕು. ಬಲದಲ್ಲಿ ಬಂದ ಲಾಭವು ದೂರದಲ್ಲಿ ತೆರಲ್ಪಡುವುದು. ಪ್ರಕೃತಿಯ ಲೆಕ್ಕದಲ್ಲಿ ಪುಕ್ಕಟೆಯೆಂಬುದಿಲ್ಲ. ತಕ್ಕಡಿಯಲ್ಲಿ ಆಧಾರವು ನಡುವಿರುವುದು. ಕೆಂಡವನ್ನೆತ್ತುವ ಚಿಮಟದಲ್ಲಿ ಕೈಯು ನಡುವಿದ್ದು ಬಲವು ನಷ್ಟವಾಗುವುದು. ಆದರೆ ಕೈ ಸುಡದಿರುವುದೇ ಅಲ್ಲಿಯ ಪ್ರಯೋಜನ. ಮೂರನ್ನೂ ಬಾಲಕರ ಕೈಗೆ ಕೊಟ್ಟು, ಕೀಲೆಲ್ಲಿ, ಕೈಯೆಲ್ಲಿ, ಭಾರವೆಲ್ಲಿ ಎಂದು ಕೇಳಿದರೆ ಸನ್ನೆಗೋಲಿನ ಮೂರು ಭೇದಗಳು ಉರುಹೊಡೆಯದೆ ಬರುವುವು.

೭. ಗುರುತ್ವವಿಚಾರದಲ್ಲಿ ಒಂದು ಎಚ್ಚರಿಕೆ

ವೈಶೇಷಿಕರು ಗುರುತ್ವವನ್ನು ಪೃಥಿವೀಜಲಗಳಲ್ಲಿರುವ ಗುಣವೆಂದೂ, ವಸ್ತುವಿನ ಮೊದಲ ಪತನಕ್ಕೆ ಕಾರಣವೆಂದೂ ಹೇಳಿದರು; ಮುಂದಿನ ಪತನಗಳಿಗೆ ವೇಗವೆಂಬ ಸಂಸ್ಕಾರವನ್ನೂ ಕಾರಣವಾಗಿ ಒಪ್ಪಿದರು. ಬೀಳುವಿಕೆಗೆ ಕಾರಣವನ್ನು ಹುಡುಕಬೇಕೆಂಬ ಬುದ್ಧಿಯೇ ಅವರ ಹಿರಿಮೆ. ಆದರೆ ನ್ಯೂಟನ್ನನು ೧೬೮೭ರಲ್ಲಿ ಹೇಳಿದ, ಎಲ್ಲ ವಸ್ತುಗಳೂ ಒಂದನ್ನೊಂದು ಸೆಳೆಯುವುವು, ಆ ಸೆಳೆತವು ಬೀಳುವ ವಸ್ತುವಿನ ಮೇಲೆ ಪ್ರತಿಕ್ಷಣವೂ ನಡೆಯುತ್ತಿರುವುದು ಎಂಬ ತತ್ತ್ವವು ಅದರಲ್ಲಿ ಇಲ್ಲ. ಎರಡಕ್ಕೂ 'ಗುರುತ್ವ'ವೆಂಬ ಒಂದೇ ಶಬ್ದವನ್ನು ಬಳಸುವುದರಿಂದ ಎರಡೂ ಒಂದೇ ಎಂದು ಬಾಲಕರಿಗೆ ಹೇಳುವುದು ನ್ಯೂಟನ್ನನಿಗೆ ಮಾತ್ರವಲ್ಲ, ವೈಶೇಷಿಕರಿಗೂ ಮಾಡುವ ಅನ್ಯಾಯ.

ಇಲ್ಲಿಯೂ ಪರೀಕ್ಷೆಯೇ ತೀರ್ಪು ಕೊಡಲಿ. ಒಂದು ಕಲ್ಲನ್ನೂ ಒಂದು ಹಾಳೆಯನ್ನೂ ಕೂಡಿಯೇ ಬಿಟ್ಟರೆ ಕಲ್ಲು ಮೊದಲು ಬೀಳುವುದು. ಭಾರವಾದುದು ಬೇಗ ಬೀಳುವುದೆಂದು ಬಾಲಕರು ನಿಶ್ಚಯಿಸುವರು. ಅದೇ ಹಾಳೆಯನ್ನು ಬಿಗಿಯಾಗಿ ಉಂಡೆಮಾಡಿ ಮತ್ತೆ ಬಿಡಬೇಕು. ತೂಕವು ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಆದರೂ ಅದು ಕಲ್ಲಿನ ಜತೆಗೇ ನೆಲ ಮುಟ್ಟುವುದು. ಹಾಗಾದರೆ ಮೊದಲು ತಡೆದುದು ಗಾಳಿಯೇ. ಗಾಳಿಯಿಲ್ಲದ ಚಂದ್ರನ ಮೇಲೆ ೧೯೭೧ರಲ್ಲಿ ಅಪೋಲೊ ೧೫ರ ಯಾತ್ರಿಕ ಡೇವಿಡ್ ಸ್ಕಾಟ್ ಎಂಬವರು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೆ ಬಿದ್ದುವು. ಪಡಸಾಲೆಯಲ್ಲಿ ಉಂಡೆಯಾದ ಹಾಳೆಯು ಹೇಳಿದುದನ್ನೇ ಚಂದ್ರಲೋಕದ ಗರಿಯೂ ಹೇಳಿತು. ಮಹಾನಸದಲ್ಲಿ ಹಿಡಿದ ವ್ಯಾಪ್ತಿಯು ಪರ್ವತಕ್ಕೆ ಮಾತ್ರವಲ್ಲ, ಅದಕ್ಕೂ ದೂರಕ್ಕೆ ಸಲ್ಲುವುದು.

೮. ಶಬ್ದವಿಚಾರ, ಭಾಷಾಪಂಡಿತರ ಹೊಣೆ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ಪ್ರಮಾಣಗಳನ್ನು ಎಣಿಸುವಾಗ ಶಬ್ದವು ಕೊನೆಯಲ್ಲಿ ಬರುವುದು. ನಮ್ಮ ಪಾಠಶಾಲೆಗಳಲ್ಲಿ ಅದು ಮೊದಲು ಬರುವುದು. 'ಬಾಷ್ಪೀಭವನ'ದ ಲಕ್ಷಣವನ್ನು ತಪ್ಪಿಲ್ಲದೆ ಬರೆದು ಅಂಕಗಳನ್ನು ಪಡೆದ ಬಾಲಕನಿಗೆ ಮನೆಯ ಹರವಿಯಲ್ಲಿ ನಡೆಯುವುದೂ ಅದೇ ಎಂದು ತೋಚದಿರುವುದನ್ನು ಅನೇಕ ಸಲ ಕಂಡಿದ್ದೇನೆ. ಇದರಿಂದ ಆಗುವ ಹಾನಿಯು ಒಂದು ಪರೀಕ್ಷೆಯದಲ್ಲ. ವಿದ್ಯೆಯೆಂಬುದು ಪುಸ್ತಕದಲ್ಲಿರುವುದು, ತನ್ನ ತಾಯಿ ಒಲೆಯ ಮುಂದೆ ಅರಿತಿರುವುದು ವಿದ್ಯೆಯಲ್ಲವೆಂಬ ಭಾವವು ಅವನಲ್ಲಿ ಬೇರೂರುವುದು. ಅಂತಹವನು ಪುಸ್ತಕವು ತಪ್ಪು ಹೇಳಿದರೂ, ನಾನು ದೀಪದ ವಿಷಯದಲ್ಲಿ ಒಪ್ಪಿದಂತೆ, ಒಪ್ಪಿಬಿಡುವನು.

ಪಾರಿಭಾಷಿಕ ಶಬ್ದಗಳು ಬೇಡವೆಂದು ನಾನು ಹೇಳುವುದಿಲ್ಲ. ಸಂಸ್ಕೃತದಲ್ಲಿ ಬೆಳೆದವನು ಹಾಗೆ ಹೇಳಲಾರೆನು. ವಸ್ತುವನ್ನು ಕಂಡಮೇಲೆ ಮನೆಮಾತು, ಮನೆಮಾತಿನ ಮೇಲೆ ಪಾರಿಭಾಷಿಕವು ಬರಲಿ ಎಂಬುದಿಷ್ಟೆ. ಕನ್ನಡದ 'ಆರು' ಎಂಬ ಧಾತುವನ್ನು ನೋಡಬಹುದು. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳದ್ದು. ಒದ್ದೆ ಬಟ್ಟೆ ಆರಿತು, ಬಿಸಿ ಅನ್ನ ಆರಿತು, ದೀಪ ಆರಿತು ಎನ್ನುವೆವು. ನೀರು ಹೋಗುವುದು, ಕಾವು ಹೋಗುವುದು, ಬೆಂಕಿ ಹೋಗುವುದು ಈ ಮೂರಕ್ಕೂ ಒಂದೇ ಮಾತು. ಹರವಿಯ ಹೊರಮೈ ಆರುವುದರಿಂದಲೇ ಒಳಗಿನ ನೀರೂ ಆರುವುದು. ಭಾಷೆಯು ಇದರಿಂದ ಪದಾರ್ಥವಿಜ್ಞಾನವನ್ನು ಸಾಧಿಸಿತೆನ್ನಲಾಗದು, ಮುಚ್ಚಿಟ್ಟ ಅನ್ನವು ಒಣಗದೆಯೂ ಆರುವುದಷ್ಟೆ; ಆದರೆ ಬಾಲಕನ ಬುದ್ಧಿಗೆ ಪ್ರಶ್ನೆಯನ್ನು ಹುಟ್ಟಿಸಲು ಇಂತಹ ಧಾತುವೊಂದು ಸಾಕು. ಇದನ್ನು ತೋರಿಸಬಲ್ಲವರು ವಿಜ್ಞಾನದ ಉಪಾಧ್ಯಾಯರಿಗಿಂತ ಮೊದಲು ಕನ್ನಡ ಪಂಡಿತರು.

ಆದುದರಿಂದ ಸಾಹಿತ್ಯವನ್ನು ಬೋಧಿಸುವ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟು: ಪಾಠದಲ್ಲಿ ಹರವಿ, ಹಂಚು, ತಕ್ಕಡಿ, ಅಡಕತ್ತರಿಗಳ ಹೆಸರು ಬಂದಾಗ ಅರ್ಥವನ್ನು ಹೇಳಿ ಮುಂದಕ್ಕೆ ಹೋಗದೆ, ಅದು ಹೇಗೆ ಕೆಲಸ ಮಾಡುವುದೆಂದು ಒಂದು ಪ್ರಶ್ನೆಯನ್ನು ಕೇಳಬೇಕು, ಉತ್ತರವನ್ನು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಬೇಕು. ಒಲೆ, ಬಿಸಿನೀರು, ಗಾಜುಗಳ ಪರೀಕ್ಷೆಗಳಲ್ಲಿ ಹಿರಿಯರು ಹತ್ತಿರವಿರಬೇಕು. ಮಗುವಿನ ಪ್ರಶ್ನೆಗೆ ಉತ್ತರವು ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಅದರ ಜತೆಗೆ ಕುಳಿತು ಲೋಟವನ್ನು ಮತ್ತೊಮ್ಮೆ ಕವುಚಬೇಕು. ಹಾಗೆ ಮಾಡಿದುದರಿಂದ ನನ್ನ ಪಾಂಡಿತ್ಯಕ್ಕೆ ಕುಂದು ಬರಲಿಲ್ಲ. ಉಪಾಧಿಪ್ರಕರಣವನ್ನು ಮೊದಲಿಗಿಂತ ಚೆನ್ನಾಗಿ ಪಾಠ ಹೇಳಬಲ್ಲವನಾದೆನು. ಈ ವಿಷಯದಲ್ಲಿ ವಿದ್ವಾಂಸರು ತಮ್ಮ ತಮ್ಮ ಮನೆಗಳಲ್ಲಿಯೇ ಪರೀಕ್ಷಿಸಿ, ಇಲ್ಲಿ ಹೇಳಿದುದರಲ್ಲಿ ದೋಷವಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುವೆನು.